ಪ್ಲಸ್ ವನ್ ಓದುತ್ತಿರುವಾಗಲೇ ಎನ್.ಪಿ.ಟಿ.ಇ.ಎಲ್. ಕೋರ್ಸು: ಮಗಳನ್ನು ಸೇರಿಸಬಹುದೇ?

ಪ್ರಶ್ನೆ: ಬದಿಯಡ್ಕದ ತಾಯಿ

ಎಲ್ಲರಿಗೂ ನಮಸ್ಕಾರ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಮಗಳು ಈ ವರ್ಷ ಪ್ಲಸ್ ವನ್ (ಹನ್ನೊಂದನೇ ತರಗತಿ) ವಿಜ್ಞಾನ ವಿಭಾಗಕ್ಕೆ ಸೇರಿದ್ದಾಳೆ. ಗಣಿತವೆಂದರೆ ಅವಳಿಗೆ ಮೊದಲಿನಿಂದಲೂ ಅಕ್ಕರೆ. ಟೀಚರ್ ಪಾಠ ಮಾಡುವ ಮೊದಲೇ ಪುಸ್ತಕದ ಲೆಕ್ಕಗಳನ್ನು ಮಾಡಿ ಮುಗಿಸಿರುತ್ತಾಳೆ. ಈಗ ಕೇಂದ್ರ ಸರಕಾರದ ಸ್ವಯಂ ಎಂಬ ಆನ್‌ಲೈನ್ ಕಲಿಕೆಯ ಜಾಲತಾಣದಲ್ಲಿ ಎನ್.ಪಿ.ಟಿ.ಇ.ಎಲ್.ನ ಲೀನಿಯರ್ ಆಲ್ಜೀಬ್ರಾ ಕೋರ್ಸನ್ನು ನೋಡಿ, ಜುಲೈ ಸೆಮಿಸ್ಟರಿಗೆ ಸೇರಿಯೇ ಸಿದ್ಧ ಎಂದು ಹಟ ಹಿಡಿದಿದ್ದಾಳೆ. ಅದು ಪದವಿ ವಿದ್ಯಾರ್ಥಿಗಳಿಗೆಂದು ಮಾಡಿದ 12 ವಾರಗಳ ಕೋರ್ಸು. ಪ್ಲಸ್ ವನ್ ಅಂಕ ಕಡಿಮೆಯಾದೀತೆಂದು ಅವಳ ತಂದೆಯವರಿಗೆ ಹೆದರಿಕೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವರು ಯಾರೂ ಇಲ್ಲದ ಕಾರಣ ಇಲ್ಲಿ ಕೇಳುತ್ತಿದ್ದೇನೆ: ಈ ವಯಸ್ಸಿನಲ್ಲಿ ಇಂಥದ್ದಕ್ಕೆ ಸೇರಬಹುದೇ, ಸೇರಿದರೆ ಆ ಸರ್ಟಿಫಿಕೇಟಿನಿಂದ ಮುಂದೆ ಪ್ರಯೋಜನವಿದೆಯೇ?

ಉತ್ತರ: ಗಣಿತ ಅಧ್ಯಾಪಕ, ಮಂಜೇಶ್ವರ

ಅಮ್ಮಾ, ಸೇರುವುದಕ್ಕೆ ಅಡ್ಡಿಯಿಲ್ಲ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಕೂಡಿ ನಡೆಸುವ ಈ ಕೋರ್ಸುಗಳ ಪಾಠ ಕೇಳಲು ಹಣ ಕೊಡಬೇಕಾಗಿಲ್ಲ, ಯಾವುದೇ ಕಾಲೇಜಿನ ವಿದ್ಯಾರ್ಥಿಯಾಗಿರಬೇಕೆಂದೂ ಇಲ್ಲ. ಸರ್ಟಿಫಿಕೇಟಿಗಾಗಿ ಪರೀಕ್ಷೆ ಬರೆಯುವವರು ಮಾತ್ರ ಶುಲ್ಕ ಕಟ್ಟಬೇಕು.

ಆದರೆ ಅವಳು ಆರಿಸಿದ ವಿಷಯದ ಬಗ್ಗೆ ನನಗೆ ಆಕ್ಷೇಪವಿದೆ. ಲೀನಿಯರ್ ಆಲ್ಜೀಬ್ರಾ ಮ್ಯಾಟ್ರಿಕ್ಸ್‌ಗಳನ್ನು (ಸಾಲು, ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳ ಪಟ್ಟಿಗಳನ್ನು) ಬಿಟ್ಟು ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಮ್ಯಾಟ್ರಿಕ್ಸ್ ಮತ್ತು ಡಿಟರ್ಮಿನಂಟ್ ನಮ್ಮ ಮಕ್ಕಳಿಗೆ ಬರುವುದು ಪ್ಲಸ್ ಟುವಿನಲ್ಲಿ. ಹಾಗಾಗಿ ಆ ಎರಡು ಅಧ್ಯಾಯಗಳನ್ನು ಮೊದಲು ಸ್ವಂತವಾಗಿ ಮುಗಿಸದೆ ಜುಲೈಯಲ್ಲಿ ಸೇರಿದರೆ, ಮೂರನೆಯ ವಾರಕ್ಕೇ ವಿಡಿಯೋ ನೋಡಿ ತಲೆಯಾಡಿಸುವುದೊಂದೇ ಉಳಿದೀತು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಶಾಲೆಯ ಗಣಿತದಲ್ಲಿ ಉತ್ತರ ಸರಿಯಾದರೆ ಸಾಕು, ವಿಶ್ವವಿದ್ಯಾಲಯದ ಗಣಿತದಲ್ಲಿ ಅದು ಯಾಕೆ ಸರಿ ಎಂದು ಬರೆದು ತೋರಿಸಬೇಕು. ಮಗಳನ್ನು ಒಮ್ಮೆ ಪರೀಕ್ಷಿಸಿ ನೋಡಿ. 1, 3, 5, 7 ಎಂದು ಮೊದಲಿನಿಂದ ಎಷ್ಟು ಬೆಸಸಂಖ್ಯೆಗಳನ್ನು ಕೂಡಿಸುತ್ತೇವೆಯೋ ಮೊತ್ತವು ಆ ಎಣಿಕೆಯ ವರ್ಗವೇ ಆಗುತ್ತದೆ: ಎರಡಕ್ಕೆ 4, ಮೂರಕ್ಕೆ 9, ನಾಲ್ಕಕ್ಕೆ 16. ಇದು ಎಂದಿಗೂ ತಪ್ಪುವುದಿಲ್ಲವೆಂದು ಹೇಗೆ ಹೇಳುತ್ತೀ ಎಂದು ಕೇಳಿ. ನೂರರವರೆಗೆ ಕೂಡಿಸಿ ನೋಡಿದೆ ಎಂದರೆ ಅದು ರುಜುವಾತಲ್ಲ. ಸಮಾಂತರ ಶ್ರೇಢಿಯ ಸೂತ್ರಕ್ಕೆ ಹಾಕಿ ತೋರಿಸಿದರೆ ಸರಿಯೇ, ಆದರೆ ಆ ಸೂತ್ರ ಎಲ್ಲಿಂದ ಬಂತೆಂದು ಮತ್ತೆ ಕೇಳಿ. ಹತ್ತು ಬೆಸಸಂಖ್ಯೆಗಳ ಮೊತ್ತ 100, ಮುಂದಿನ ಬೆಸಸಂಖ್ಯೆ ಹತ್ತರ ಇಮ್ಮಡಿಗೆ ಒಂದು ಹೆಚ್ಚು, ಎಂದರೆ 21. ಕೂಡಿಸಿದರೆ 121, ಅದು ಹನ್ನೊಂದರ ವರ್ಗ. ಯಾವ ಸಂಖ್ಯೆಯಲ್ಲಿ ನಿಂತರೂ ಮುಂದಿನ ಹೆಜ್ಜೆ ಹೀಗೆಯೇ ಆಗುತ್ತದೆ ಎಂದು ಅವಳಾಗಿಯೇ ಹೇಳಿದಳೆಂದರೆ, ಅವಳನ್ನು ತಡೆಯಬೇಡಿ.

ಉತ್ತರ: ಪೆರ್ಲದವನು, ಈಗ ಮಂಗಳೂರಿನಲ್ಲಿ ಇಂಜಿನಿಯರಿಂಗ್

ಮಾಸ್ತರರು ವಿಷಯದ ಬಗ್ಗೆ ಹೇಳಿದ್ದಾರೆ. ನಾನು ಇಂಥ ಕೋರ್ಸುಗಳನ್ನು ಮಾಡಿದವನಾದ್ದರಿಂದ ಸಮಯದ ಬಗ್ಗೆ ಹೇಳುತ್ತೇನೆ. ಜನವರಿ ಸೆಮಿಸ್ಟರಿನ ಪಾಠಗಳು ಏಪ್ರಿಲ್‌ವರೆಗೆ ನಡೆಯುತ್ತವೆ, ನಮ್ಮ ಪ್ಲಸ್ ವನ್, ಪ್ಲಸ್ ಟು ಪರೀಕ್ಷೆಗಳು ಮಾರ್ಚ್‌ನಲ್ಲಿ ಬರುತ್ತವೆ. ಆದ್ದರಿಂದ ಅದನ್ನು ಮರೆತುಬಿಡುವುದೇ ಒಳ್ಳೆಯದು. ಜುಲೈ ಸೆಮಿಸ್ಟರಿಗೆ ಅಡ್ಡ ಬರುವುದು ಓಣಂ ರಜೆಗೆ ಮೊದಲು ಶಾಲೆಯಲ್ಲಿ ನಡೆಯುವ ಓಣಂ ಪರೀಕ್ಷೆ ಮಾತ್ರ.

ಪ್ರತಿ ವಾರದ ಅಸೈನ್‌ಮೆಂಟಿಗೂ ಗಡುವು ಇರುತ್ತದೆ. 12 ವಾರಗಳ ಕೋರ್ಸಾದರೆ ಅವುಗಳಲ್ಲಿ ಅತ್ಯುತ್ತಮವಾದ ಎಂಟನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದರಿಂದ, ಓಣಂ ಪರೀಕ್ಷೆಯ ವಾರವೋ ಮಳೆಗೆ ಕರೆಂಟು ಹೋದ ವಾರವೋ ತಪ್ಪಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಅಸೈನ್‌ಮೆಂಟಿಗೆ 25, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಬಂದರೆ ಸರ್ಟಿಫಿಕೇಟ್ ಸಿಗುತ್ತದೆ.

ಅದರ ಪ್ರಯೋಜನದ ಕುರಿತು ಕೇಳಿದಿರಿ. ಕೇರಳದ ಇಂಜಿನಿಯರಿಂಗ್ ಪ್ರವೇಶದಲ್ಲಿ ಪ್ಲಸ್ ಟುವಿನ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರದ ಅಂಕಗಳಿಗೂ ಕೀಮ್ ಎಂಬ ರಾಜ್ಯದ ಪ್ರವೇಶ ಪರೀಕ್ಷೆಯ ಅಂಕಕ್ಕೂ ಸಮಾನ ತೂಕ. ಈ ಸರ್ಟಿಫಿಕೇಟಿಗೆ ಅಲ್ಲಿ ಜಾಗವಿಲ್ಲ. ಪ್ಲಸ್ ವನ್ ಅಂಕವೂ ಕೊನೆಯ ಒಟ್ಟು ಮೊತ್ತಕ್ಕೆ ಸೇರುತ್ತದೆ, ಹಾಗಾಗಿ ಅವಳ ತಂದೆಯವರ ಹೆದರಿಕೆಯನ್ನು ತಳ್ಳಿಹಾಕುವಂತಿಲ್ಲ.

ಉತ್ತರ: ಕಾಸರಗೋಡಿನ ಉಪನ್ಯಾಸಕಿ

ಸರ್ಟಿಫಿಕೇಟಿಗೆ ಜಾಗವಿಲ್ಲವೆಂದಾದ ಮೇಲೆ ಪರೀಕ್ಷೆಯ ಚಿಂತೆಯೇ ಯಾಕೆ ಎಂಬುದು ನನ್ನ ಪ್ರಶ್ನೆ. ಅಮೆರಿಕದ ಎಂ.ಐ.ಟಿ. 2001ರಲ್ಲಿ ಘೋಷಿಸಿ ತೆರೆದಿಟ್ಟ ಓಪನ್‌ಕೋರ್ಸ್‌ವೇರ್‌ನಲ್ಲಿ ನೋಂದಣಿಯೂ ಇಲ್ಲ, ಗಡುವೂ ಇಲ್ಲ. ಅಲ್ಲಿನ ಕ್ಯಾಲ್ಕುಲಸ್ ಪಾಠಗಳ ಜೊತೆಗೆ ಲೆಕ್ಕಗಳೂ ಅವುಗಳ ಪರಿಹಾರಗಳೂ ಇವೆ. ಪ್ಲಸ್ ವನ್ ಗಣಿತದಲ್ಲಿ ಕ್ಯಾಲ್ಕುಲಸ್‌ಗೆ ತಳಹದಿಯಾದ ಲಿಮಿಟ್ಸ್ ಹೇಗೂ ಬರುವುದರಿಂದ ಅದು ಶಾಲೆಯ ಪಾಠಕ್ಕೂ ಹೊಂದುತ್ತದೆ. ಅಂಥ ಕಡೆ ಮಕ್ಕಳು ಪರಿಹಾರವನ್ನು ಮೊದಲೇ ತೆರೆದು ನೋಡುತ್ತಾರೆ, ಅದೊಂದನ್ನು ಮಾತ್ರ ನೋಡಿಕೊಳ್ಳಬೇಕು.

ಗಡುವು ಇದ್ದರೆ ಮಾತ್ರ ಓದುವ ಹುಡುಗಿಯಾದರೆ, ಗಣಿತಕ್ಕೆ ಬದಲಾಗಿ ಪ್ರೋಗ್ರಾಮಿಂಗ್‌ನಿಂದ ತೊಡಗುವುದು ವಾಸಿ. ಐ.ಐ.ಟಿ. ರೋಪರ್‌ನವರು ನಡೆಸುವ ಪೈಥಾನ್ ಕೋರ್ಸು ಏನೂ ಅರಿಯದವರಿಗೆಂದೇ ಮಾಡಿದ್ದು, ಅದಕ್ಕೆ ಹತ್ತನೇ ತರಗತಿಯ ಗಣಿತ ಸಾಕು. ಮಾತಿನ ವೇಗ ಹಿಡಿಯಲು ಕಷ್ಟವಾದರೆ ವಿಡಿಯೋವನ್ನು ನಿಧಾನವಾಗಿ ಓಡಿಸಿ, ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಲಿ. ಪ್ಲಸ್ ವನ್ ತರಗತಿಯಲ್ಲಿಯೂ ಅವಳು ಈಗ ಎದುರಿಸುತ್ತಿರುವುದು ಅದೇ ಇಂಗ್ಲಿಷನ್ನು.

ಪ್ರಶ್ನೆ ಕೇಳಿದವರು

ಮಾಸ್ತರರು ಹೇಳಿದ ಬೆಸಸಂಖ್ಯೆಗಳ ಪ್ರಶ್ನೆಯನ್ನು ಕೇಳಿದೆ. ಅವಳು ಮೊದಲು ಶ್ರೇಢಿಯ ಸೂತ್ರವನ್ನೇ ಬರೆದಳು. ಅದು ಎಲ್ಲಿಂದ ಬಂತೆಂದು ಕೇಳಿದ್ದಕ್ಕೆ ಸಿಟ್ಟು ಮಾಡಿಕೊಂಡು ಒಳಗೆ ಹೋದವಳು, ಊಟದ ಹೊತ್ತಿಗೆ ಸಂಖ್ಯೆಗಳ ಸಾಲನ್ನು ಒಮ್ಮೆ ನೇರವಾಗಿ, ಅದರ ಕೆಳಗೆ ತಿರುಗಿಸಿ ಬರೆದು, ಮೇಲೆ ಕೆಳಗೆ ಕೂಡಿಸಿದರೆ ಎಲ್ಲ ಜೋಡಿಯ ಮೊತ್ತವೂ ಒಂದೇ ಆಗುತ್ತದೆಂದು ತೋರಿಸಿದಳು. ಇದು ಸಾಕೇ? ಪೈಥಾನ್ ಬೇಡವಂತೆ, ಗಣಿತವೇ ಆಗಬೇಕಂತೆ.

ಉತ್ತರ: ಗಣಿತ ಅಧ್ಯಾಪಕ, ಮಂಜೇಶ್ವರ

ಧಾರಾಳ ಸಾಕು. ನಾನು ಹೇಳಿದ ದಾರಿಗಿಂತ ಅವಳದ್ದು ಚೆನ್ನಾಗಿದೆ. ಪ್ಲಸ್ ಟು ಪುಸ್ತಕದ ಮ್ಯಾಟ್ರಿಕ್ಸ್ ಮತ್ತು ಡಿಟರ್ಮಿನಂಟ್ ಅಧ್ಯಾಯಗಳನ್ನು ಈಗಲೇ ತೊಡಗಲಿ, ಎನ್.ಸಿ.ಇ.ಆರ್.ಟಿ. ಜಾಲತಾಣದಲ್ಲಿ ಪುಸ್ತಕ ಉಚಿತವಾಗಿ ಸಿಗುತ್ತದೆ. ಜುಲೈಯಲ್ಲಿ ಕೋರ್ಸಿಗೆ ಹೆಸರು ನೋಂದಾಯಿಸಲಿ, ಆದರೆ ಪರೀಕ್ಷೆಯ ಶುಲ್ಕವನ್ನು ಕೂಡಲೇ ಕಟ್ಟಬೇಡಿ. ಅದಕ್ಕೆ ಬೇರೆ ಕೊನೆಯ ದಿನಾಂಕವಿರುತ್ತದೆ. ಅಷ್ಟರೊಳಗೆ ಬಂದ ಅಸೈನ್‌ಮೆಂಟುಗಳನ್ನು ಅವಳು ಹೇಗೆ ಮಾಡಿದ್ದಾಳೆಂದು ನೋಡಿ ತೀರ್ಮಾನಿಸಿದರಾಯಿತು. ನೋಂದಾಯಿಸುವಾಗ ಎಸ್.ಎಸ್.ಎಲ್.ಸಿ. ಸರ್ಟಿಫಿಕೇಟಿನಲ್ಲಿರುವಂತೆಯೇ ಇನಿಶಿಯಲ್ ಸಹಿತ ಹೆಸರು ಬರೆಯಲಿ.