ಗಾಮಾ ನೈಫ್ ಆದ ಜಾಗ ಮತ್ತೆ ಊದಿದೆ, ಅತ್ತೆಗೆ ಲೇಸರ್ ಮಾಡಿಸಬಹುದಾ?

ಜರ್ಸಿ ಅಳಿಯ:
ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಅತ್ತೆಗೆ 67. ಸ್ತನದ ಕ್ಯಾನ್ಸರ್ ಮೆದುಳಿಗೆ ಹರಡಿ, ಹೋದ ವರ್ಷ ಗಾಮಾ ನೈಫ್ ಅಂತ, ಗಡ್ಡೆಯ ಜಾಗಕ್ಕಷ್ಟೇ ಗುರಿಯಿಟ್ಟು ಕೊಡೋ ರೇಡಿಯೇಶನ್ ಆಯ್ತು. ಆಮೇಲೆ ಚೆನ್ನಾಗೇ ಇದ್ದರು. ಈಗ ಎಡಗೈ ಹಿಡಿತ ತಪ್ಪುತ್ತಿದೆ, ಕಾಫಿ ಲೋಟ ಜಾರುತ್ತೆ. ಎಂಆರ್‌ಐನಲ್ಲಿ ಅದೇ ಜಾಗ ದೊಡ್ಡದಾಗಿದೆ. ಗಡ್ಡೆ ಮತ್ತೆ ಬೆಳೆದಿರಬಹುದು, ಇಲ್ಲಾ ರೇಡಿಯೇಶನ್‌ನಿಂದ ಅಲ್ಲಿನ ಭಾಗ ಸತ್ತು ಊದಿರಬಹುದು, ಬರೀ ಸ್ಕ್ಯಾನ್ ನೋಡಿ ಹೇಳೋಕಾಗಲ್ಲ ಅಂತಾರೆ ಡಾಕ್ಟರು. ತಲೆಗೆ ಸಣ್ಣ ತೂತು ಮಾಡಿ ಲೇಸರ್ ಬಿಸಿಯಿಂದ ಸುಡೋಣ ಅಂದಿದ್ದಾರೆ. ಏನಂತಲೇ ಗೊತ್ತಿಲ್ಲದ್ದನ್ನು ಸುಡೋದು ಹೇಗೆ? ಹೆಂಡತಿಗೆ ಭಯ, ಅತ್ತೆ "ಒಟ್ಟು ತಲೆ ಬಿಚ್ಚಬೇಡಿ" ಅಂತಿದ್ದಾರೆ. ಗೊತ್ತಿರುವವರು ಹೇಳಿ.

ರಾತ್ರಿಪಾಳಿ:
ನಾನು ನ್ಯೂರೋ ಐಸಿಯು ನರ್ಸ್, ಡಾಕ್ಟರ್ ಅಲ್ಲ. ಸರ್, ನಿಮ್ಮ ಅತ್ತೆಯಂಥವರಿಗೇ ಇದನ್ನು ಜಾಸ್ತಿ ಮಾಡೋದು. ಮೊದಲ ಸಲ ಕಂಡ ಗಡ್ಡೆಗೆ ಸಾಮಾನ್ಯವಾಗಿ ರೇಡಿಯೇಶನ್ನೋ ಆಪರೇಶನ್ನೋ ಆಗುತ್ತೆ. ಅದಾದ ಮೇಲೆ ಅದೇ ಜಾಗ ತಕರಾರು ಮಾಡಿದಾಗ ಲೇಸರ್ ಮಾತು ಬರುತ್ತೆ. ಆ ತೂತಿನಿಂದಲೇ ಮೊದಲು ಒಂದು ಚೂರು ಬಯಾಪ್ಸಿಗೆ ತೆಗೀತಾರೆ, ಆಮೇಲೆ ಲೇಸರ್ ಎಳೆ ಇಳಿಸ್ತಾರೆ. ಗಡ್ಡೆ ಆಗಿರಲಿ, ರೇಡಿಯೇಶನ್ ಹಾನಿ ಆಗಿರಲಿ, ಎರಡಕ್ಕೂ ಇದನ್ನು ಮಾಡಬಹುದು, ಅದೇ ಇದರ ಅನುಕೂಲ. ಎಂಆರ್‌ಐ ಯಂತ್ರದೊಳಗೇ ಮಾಡೋದರಿಂದ ಯಾವ ಜಾಗ ಎಷ್ಟು ಬಿಸಿಯಾಯ್ತು ಅಂತ ಪರದೆ ಮೇಲೆ ಬಣ್ಣದಲ್ಲಿ ಕಾಣ್ತಾ ಇರುತ್ತೆ. 60 ಡಿಗ್ರಿ ದಾಟಿದರೆ ಕೋಶಗಳು ಕೂಡಲೇ ಸಾಯ್ತವೆ. 43ರ ಸುಮಾರಿನಲ್ಲಿ ಸಾಯ್ತವೋ ಇಲ್ವೋ ಅನ್ನೋದು ಎಷ್ಟು ಹೊತ್ತು ಬಿಸಿ ಇತ್ತು ಅನ್ನೋದರ ಮೇಲೆ ಹೋಗುತ್ತೆ. ಹೊಲಿಗೆ ಒಂದೋ ಎರಡೋ.

ಆದರೆ ಗಡ್ಡೆ ತುಂಬಾ ದೊಡ್ಡದಿದ್ದರೆ, ಸುಮಾರು 3 ಸೆಂ.ಮೀ. ಮೇಲಿದ್ದರೆ, ಬಿಸಿ ಅಂಚಿನವರೆಗೆ ಸರಿಯಾಗಿ ತಲುಪೋದು ಕಷ್ಟ. ಸುಟ್ಟಿದ್ದು ಒಳಗೇ ಇರುತ್ತಲ್ವಾ, ಆಪರೇಶನ್‌ನಲ್ಲಿ ತೆಗೆದ ಹಾಗೆ ಒತ್ತಡ ಕೂಡಲೇ ಇಳಿಯಲ್ಲ. ಕೈ ಆಡಿಸುವ ನರಗಳ ದಾರಿಗೆ ಎಷ್ಟು ಹತ್ತಿರ ಇದೆ ಅಂತ ಖಂಡಿತ ಕೇಳಿ.

ತುಂಗಾತೀರ:
ನಮ್ಮ ಯಜಮಾನರಿಗೆ ಮಾಡಿಸಿದ್ದೆವು, ಅವರದು ಶ್ವಾಸಕೋಶದಿಂದ ಹರಡಿದ್ದು. ಮನೆಗೆ ಬೇಗ ಕಳಿಸಿದರು, ನಾವೂ ಮುಗೀತು ಅಂದುಕೊಂಡೆವು. ಆಮೇಲಿನ ವಾರಗಳೇ ಕಷ್ಟ ಆಗಿದ್ದು. ಸುಟ್ಟ ಜಾಗದ ಸುತ್ತ ಊದಿಕೊಂಡು ಮಾತು ತೊದಲಿತು. ಊತ ಇಳಿಸೋ ಸ್ಟಿರಾಯ್ಡ್ ಡೆಕ್ಸಾಮೆಥಸೋನ್ ಜಾಸ್ತಿ ಮಾಡಿದರು. ಸಕ್ಕರೆ ಏರಿತು, ನಿದ್ದೆ ಹಾರಿತು, ರಾತ್ರಿ ಎರಡು ಗಂಟೆಗೆ ಎದ್ದು ಅಡುಗೆಮನೆ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸ್ತಾ ಕೂತಿರೋರು, ಸುಮ್ನೆ ಮಲಗಿ ಅಂದರೆ ರೇಗೋರು. ಮುಂದಿನ ಸ್ಕ್ಯಾನ್‌ನಲ್ಲಿ ಅದು ಮೊದಲಿಗಿಂತ ದೊಡ್ಡದು! ಎದೆ ಧಸಕ್ ಅಂತು. ಲೇಸರ್ ಆದ ಹೊಸದರಲ್ಲಿ ಹಾಗೇ ಕಾಣೋದು, ನಿಧಾನಕ್ಕೆ ಕುಗ್ಗುತ್ತೆ ಅಂತ ಮೊದಲೇ ಒಬ್ಬರೂ ಹೇಳಿರಲಿಲ್ಲ ನೋಡಿ. ಮಾತು ಆಮೇಲೆ ಸರಿಹೋಯ್ತು. ಅತ್ತೆಗೆ ಸಕ್ಕರೆ ಕಾಯಿಲೆ ಇದ್ದರೆ ಈಗಲೇ ಆ ಡಾಕ್ಟರನ್ನೂ ಸೇರಿಸಿಕೊಳ್ಳಿ.

ಬಸವನಗುಡಿ ಬಾಯ್:
ಎಲ್ಲದಕ್ಕೂ ಲೇಸರ್ ಅಂತ ಹೆಸರಿಟ್ಟರೆ ಜನ ಮರುಳಾಗ್ತಾರೆ. ಸ್ಟಿರಾಯ್ಡ್ ಅಥವಾ ಬೆವಸಿಝುಮ್ಯಾಬ್ ಇಂಜೆಕ್ಷನ್‌ನಲ್ಲೇ ಊತ ಇಳಿಯಬಹುದಲ್ವಾ?

ರಾತ್ರಿಪಾಳಿ:
ರೇಡಿಯೇಶನ್ ಹಾನಿ ಆಗಿದ್ದರೆ ಇಳಿಯಬಹುದು, ಒಪ್ಪಿದೆ. ಗಡ್ಡೆಯೇ ಬೆಳೆದಿದ್ದರೆ ಊತ ಇಳಿದರೂ ಗಡ್ಡೆ ಅಲ್ಲೇ ಇರುತ್ತೆ. ಅದಕ್ಕೇ ಬಯಾಪ್ಸಿ. 2018ರಲ್ಲಿ ಬಂದ ಒಂದು ಅಮೆರಿಕನ್ ಅಧ್ಯಯನದಲ್ಲಿ, ಹೀಗೇ ರೇಡಿಯೇಶನ್ ಆದ ಮೇಲೆ ಬೆಳೆದಂತೆ ಕಂಡ 42 ಜನಕ್ಕೆ ಲೇಸರ್ ಮಾಡಿದ್ದರು. ಬಯಾಪ್ಸಿಯಲ್ಲಿ 20 ಜನಕ್ಕೆ ಗಡ್ಡೆ, 19 ಜನಕ್ಕೆ ರೇಡಿಯೇಶನ್ ಹಾನಿ, ಉಳಿದ ಮೂವರದು ಗೊತ್ತಾಗಲಿಲ್ಲ. ಹೆಚ್ಚು ಕಡಿಮೆ ಅರ್ಧಕ್ಕರ್ಧ! ಚಿಕ್ಕ ಅಧ್ಯಯನ, ಹೋಲಿಸಿ ನೋಡೋಕೆ ಬೇರೆ ಗುಂಪೂ ಇರಲಿಲ್ಲ, ಹಾಗಾಗಿ ಇದೇ ಎಲ್ಲಕ್ಕಿಂತ ಮೇಲು ಅಂತ ನಾನು ಹೇಳಲ್ಲ. ಊತದಿಂದ ಕೈ ತೀರಾ ಸೋತಿದ್ದರೆ ತಲೆ ತೆರೆದು ತೆಗೆಯೋದೇ ವಾಸಿ ಅನ್ನಬಹುದು.

ಜರ್ಸಿ ಅಳಿಯ:
ಅತ್ತೆಗೆ ಸಕ್ಕರೆ ಇದೆ ಅಕ್ಕ, ಮಾತ್ರೆ ತಗೋತಾರೆ. ಅಳತೆ 2.1 ಸೆಂ.ಮೀ. ಅಂತ ರಿಪೋರ್ಟ್‌ನಲ್ಲಿದೆ. ಕೈ ನರದ ವಿಷಯ ಯಾರೂ ಎತ್ತಿಲ್ಲ. ಸೋಮವಾರ ಸರ್ಜನ್ ಸಿಗ್ತಾರೆ, ಮೊದಲು ಅದನ್ನೇ ಕೇಳ್ತೀನಿ.