ಉದ್ದನ್ನ ಇಂಗ್ಲಿಷ್ ಶಬ್ದ ಒಡೆಯೋದು, ಒತ್ತು ಹಿಡಿಯೋದು ಹ್ಯಾಂಗ್ರಿ?

ಶಹಾಪುರ ಟೀಚರ್
ಹೈಸ್ಕೂಲ್ ಹುಡುಗ್ರಿಗೆ ‘ವಿಂಡೋ’, ‘ಪೆನ್ಸಿಲ್’ ಸಿಲೆಬಲ್ (ಒಂದು ಸ್ವರದ ಸುತ್ತ ಬರೋ ಉಚ್ಚಾರದ ತುಂಡು) ಎಣಿಸ್ಲಿಕ್ಕ ಬರ್ತದ. ‘ರೆಸ್ಪಾನ್ಸಿಬಿಲಿಟಿ’ ಬಂತಂದ್ರ ಒಬ್ಬೊಬ್ಬರದು ಒಂದೊಂದು ಲೆಕ್ಕ. ಒತ್ತಂತೂ, ಅಂದ್ರ ಎದ್ದು ಕೇಳೋ ಹಂಗ ಅನ್ನೋದು, ಎಲ್ಲಾರೂ ಮೊದಲಿನದಕ್ಕೇ ಹಾಕ್ತಾರ. ಕ್ಲಾಸಿನಾಗ ನಡಿಯೋ ಪದ್ಧತಿ ಏನರ ಅದ ಏನ್ರಿ?

ಬೀದರ್ ಬಿ.ಎಡ್.
ಬರದದ್ದು ಬಿಡ್ರಿ, ಸ್ವರದ ಸಪ್ಪಳ ಎಣಿಸ್ರಿ. ಗದ್ದದ ಕೆಳಗ ಅಂಗೈ ಇಟ್ಟು ಸಾವಕಾಶ ಅನ್ನಿಸ್ರಿ. ಗದ್ದ ಇಳಿದಷ್ಟು ಸಿಲೆಬಲ್. ರಿ-ಸ್ಪಾನ್-ಸಿ-ಬಿ-ಲಿ-ಟಿ, ಒಟ್ಟು ಆರು. ‘ಟೇಬಲ್’ನ ಕಡೀ ‘ಬಲ್’ಗೆ ಮಾತ್ರ ಗದ್ದ ಅಷ್ಟು ಇಳಿಯಂಗಿಲ್ಲ, ಆದ್ರೂ ಅದನ್ನ ಹಿಡೀಬೇಕು.

ನಮ್ಮ ಕಡೆ ‘ಸ್ಕೂಲ್’ ಹೋಗಿ ‘ಇಸ್ಕೂಲ್’ ಆಗ್ತದ, ‘ಬಸ್’ ಹೋಗಿ ‘ಬಸ್ಸು’. ಒಂದು ಇದ್ದದ್ದು ಎರಡಾಯ್ತು ನೋಡ್ರಿ! ಮೊದಲು ಉಚ್ಚಾರ ತಿದ್ದಿ ಆಮ್ಯಾಲ ಎಣಿಸ್ರಿ. ‘ಕಂಫರ್ಟಬಲ್’ ನಾಕು ಕಂಡ್ರೂ ಮಾತಿನಾಗ ಬಹಳ ಮಂದಿ ‘ಕಂಫ್-ಟ-ಬಲ್’ ಅಂತ ಮೂರರಾಗೇ ಮುಗಿಸ್ತಾರ.

ಕಲಬುರಗಿ ಫೋನೆಟಿಕ್ಸ್
ಒತ್ತು ಹಿಡೀಲಿಕ್ಕ ಶಬ್ದದ ಬಾಲ ನೋಡ್ರಿ. ‘ಷನ್’, ‘ಇಕ್’ ಬಂದ್ರ ಅದರ ಹಿಂದಿನ ಸಿಲೆಬಲ್‌ಗೆ ಒತ್ತು: ಎಜುಕೇಷನ್‌ನಾಗ ‘ಕೇ’, ಎಕನಾಮಿಕ್‌ನಾಗ ‘ನಾ’. ‘ಅರಾಬಿಕ್’, ‘ಪಾಲಿಟಿಕ್ಸ್’ ಮಾತು ಕೇಳಂಗಿಲ್ಲ, ಅವಕ್ಕ ಒತ್ತು ಮೊದಲಿಗೇ. ‘ಇಟಿ’, ‘ಗ್ರಫಿ’, ‘ಲಜಿ’ ಇದ್ರ ಕಡೀಯಿಂದ ಮೂರನೇದು ಎಣಿಸ್ರಿ: ರೆಸ್ಪಾನ್ಸಿಬಿಲಿಟಿಗೆ ಎರಡನೇ ಅಲ್ಲ, ನಾಕನೇ ‘ಬಿ’. ಎಂಜಿನಿಯರ್‌ಗೆ ಕಡೀ ‘ನಿಯರ್’ ಮ್ಯಾಲೇ ಒತ್ತು; ‘ಕಮಿಟಿ’ಗೆ ಮಾತ್ರ ನಡುವಿನ ‘ಮಿ’.

ಒಂದೇ ಬೇರಿನ ಮೂರು ಶಬ್ದ ಬೋರ್ಡ್ ಮ್ಯಾಲ ಬರೀರಿ. ಫೋಟೋಗ್ರಾಫ್‌ಗೆ ಮೊದಲಿನ ‘ಫೋ’. ಫೋಟೋಗ್ರಾಫರ್‌ಗೆ ಎರಡನೇದು: ‘ಫ-ಟಾ-ಗ್ರ-ಫರ್’. ಫೋಟೋಗ್ರಾಫಿಕ್‌ಗೆ ಮೂರನೇ ‘ಗ್ರಾ’. ಫೋಟೋಗ್ರಾಫರ್‌ನಾಗ ಒತ್ತು ಸರಿದ ಕೂಡ್ಲೆ ‘ಫೋ’ ಸೊರಗಿ ‘ಫ’ ಆಗ್ತದ. ಕನ್ನಡದಾಗ ದೀರ್ಘ ದೀರ್ಘವಾಗೇ ಉಳೀತದ, ಅದಕ್ಕ ನಮ್ಮವರು ಎಲ್ಲಾ ಸ್ವರ ತುಂಬಿ ಅಂತಾರ, ಒತ್ತು ಎಲ್ಲಿ ಅಂತ ಕಿವಿಗೆ ಗೊತ್ತೇ ಆಗಂಗಿಲ್ಲ. ಬರೇ ಜೋರಾಗಿ ಅಂದ್ರ ಸಾಲಂಗಿಲ್ರಿ. ಅಲ್ಲಿ ದನಿ ಏರಿಸಿ ಎಳೀಬೇಕು, ಉಳಿದವನ್ನ ಕುಗ್ಗಿಸಬೇಕು. ಶಬ್ದದ ಮ್ಯಾಲ ಸಣ್ಣ-ದೊಡ್ಡ ಚುಕ್ಕಿ ಹಾಕ್ರಿ, ಫೋಟೋಗ್ರಾಫರ್‌ಗೆ ಹಿಂಗ: • ● • •

ಶಹಾಪುರ ಟೀಚರ್
ಡಿಕ್ಷನರಿಯೊಳಗ ಶಬ್ದದ ನಡುವೆ ಚುಕ್ಕಿ ಇರ್ತಾವಲ್ರಿ, ಅಲ್ಲೇ ಒಡೀಬೇಕೇನು?

ಬೀದರ್ ಬಿ.ಎಡ್.
ನಂಬಬ್ಯಾಡ್ರಿ. ಅವು ಬಹಳ ಕಡೆ ಸಾಲಿನ ಕಡೀಗೆ ಶಬ್ದ ಮುರೀಲಿಕ್ಕ ಇಟ್ಟವು. ಉಚ್ಚಾರದ ಭಾಗ ನೋಡ್ರಿ: ಮ್ಯಾಲಿನ ಗೀಟಿನ (ˈ) ಮುಂದ ಬರೋ ಸಿಲೆಬಲ್‌ಗೆ ಮುಖ್ಯ ಒತ್ತು, ಕೆಳಗಿನ ಗೀಟಿನ (ˌ) ಮುಂದಿನದಕ್ಕ ಸಣ್ಣ ಒತ್ತು. ಹುಡುಗ್ರು ಗೀಟಿನ ಹಿಂದಿನದಕ್ಕ ಹಾಕಿ ತಪ್ತಾರ.