ವಯಸ್ಸಾದ ಬೆಕ್ಕಿಗೆ ಮನೆಯಲ್ಲೇ ಚರ್ಮದಡಿ ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್ ಡ್ರಿಪ್) ಕೊಡುವುದು: ಸೋರುತ್ತೆ, ಹೊತ್ತು ಹಿಡಿಯುತ್ತೆ, ಏನು ಮಾಡಲಿ?

ಶಿರಸಿಕಡೆಯವರು:
ನಾಡತಳಿ ಹೆಣ್ಣು ಬೆಕ್ಕು, 14 ವರ್ಷ. ತೂಕ 3.4 ಕೆ.ಜಿ., ಹೋದ ವರ್ಷ 4.1 ಇತ್ತು. ಕ್ರಿಯಾಟಿನಿನ್ (ಕಿಡ್ನಿ ಕೆಟ್ಟಷ್ಟೂ ರಕ್ತದಲ್ಲಿ ಏರುವ ಅಂಶ) 3.4, ಫಾಸ್ಫರಸ್ 6.8, ಮೂತ್ರದ ಸಾಂದ್ರತೆ 1.014. ಕಿಡ್ನಿ ಕಾಯಿಲೆ ಮೂರನೇ ಹಂತ ಅಂದಿದ್ದಾರೆ. ದಿನ ಬಿಟ್ಟು ದಿನ 100 ಎಂ.ಎಲ್. ರಿಂಗರ್ ಲ್ಯಾಕ್ಟೇಟ್ ಮನೆಯಲ್ಲೇ ಚರ್ಮದಡಿ ಕೊಡಿ ಅಂತ ಡಾಕ್ಟ್ರು ತೋರಿಸಿಕೊಟ್ಟರು. ಆದರೆ ಅರ್ಧ ನೀರು ಕೂದಲ ಮೇಲೇ ಸೋರುತ್ತೆ, ಮುಗಿಯೋಕೆ 20 ನಿಮಿಷ ಬೇಕು, ಅಷ್ಟರಲ್ಲಿ ಅದು ಎದ್ದು ಹೋಗುತ್ತೆ. ಆಮೇಲೆ ಮುಂಗಾಲು ಊದಿಕೊಂಡ ಹಾಗೆ ಕಾಣುತ್ತೆ. ಮೆಡಿಕಲ್‌ನಲ್ಲಿ ಆರ್‌ಎಲ್ ಇಲ್ಲದಿದ್ದರೆ ಡಿಎನ್‌ಎಸ್ ಡ್ರಿಪ್ ನಡೆಯುತ್ತಾ?

ಕಾಂಪೌಂಡರ್_ಹಾಸನ:
ಮೊದಲು ಕೊನೆಯ ಪ್ರಶ್ನೆ. ಡಿಎನ್‌ಎಸ್ ಬೇಡವೇ ಬೇಡ. ಅದು ಉಪ್ಪುನೀರೇ, ಆದರೆ ಜೊತೆಗೆ ಶೇ. 5 ಸಕ್ಕರೆ ಇರುತ್ತೆ. ಚರ್ಮದಡಿ ಹೋದರೆ ಮೈಯ ನೀರನ್ನೇ ಅಲ್ಲಿಗೆ ಎಳೆದುಕೊಳ್ಳುತ್ತೆ, ಕೀವೂ ಆಗಬಹುದು. ಆರ್‌ಎಲ್ ಸಿಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ಅಂಗಡಿಯವರನ್ನು ಕೇಳಬೇಡಿ.

20 ನಿಮಿಷ ಹಿಡಿಯುತ್ತೆ ಅಂದರೆ ಸೂಜಿ ಸಣ್ಣದು. ಬಹುಶಃ ನೀಲಿ ತಲೆಯ 23 ಗೇಜ್ ಕೊಟ್ಟಿರಬೇಕು (ಗೇಜ್ ಸಂಖ್ಯೆ ಕಡಿಮೆ ಆದಷ್ಟೂ ಸೂಜಿ ದಪ್ಪ). ಹಳದಿ ತಲೆಯ 20 ಅಥವಾ ಗುಲಾಬಿ ತಲೆಯ 18 ಕೇಳಿ. ಇದು ಇಂಜೆಕ್ಷನ್ ಸೂಜಿಯ ಲೆಕ್ಕ. ಕ್ಯಾನುಲಾದಲ್ಲಿ (ರಕ್ತನಾಳಕ್ಕೆ ಹಾಕುವ ಪ್ಲಾಸ್ಟಿಕ್ ಕೊಳವೆ) ಗುಲಾಬಿ ಅಂದರೆ 20, ಅಂಗಡಿಯಲ್ಲಿ ಗೊಂದಲ ಆಗೋದು ಇಲ್ಲೇ. ದಪ್ಪ ಸೂಜಿಗೆ ಬೆಕ್ಕು ಹೆದರುತ್ತೆ ಅನ್ನೋದು ನಮ್ಮ ಭಯ. ಅದಕ್ಕೆ ಬೇಸರ ಬರೋದು ತುಂಬಾ ಹೊತ್ತು ಹಿಡಿದು ಕೂರಿಸಿದಾಗ. ಬಾಟಲಿ ಬೆಕ್ಕಿಗಿಂತ ಮೂರ್ನಾಲ್ಕು ಅಡಿ ಮೇಲಿರಲಿ, ಕಿಟಕಿಯ ಪರದೆ ಸರಳು ಸಾಕು. ಐವಿ ಸೆಟ್‌ನ (ಬಾಟಲಿಗೆ ಚುಚ್ಚುವ ಡ್ರಿಪ್ ಕೊಳವೆ) ಏರ್ ವೆಂಟ್, ಅಂದರೆ ಗಾಳಿ ಹೋಗುವ ತೂತಿನ ಮುಚ್ಚಳ ತೆಗೆದಿದೆಯಾ ನೋಡಿ. ಮುಚ್ಚಿದ್ದರೆ ಶುರುವಿಗೆ ಸರಾಗ ಇಳಿದು, ಬರುಬರುತ್ತಾ ತೊಟ್ಟಿಕ್ಕುತ್ತೆ. ಇದೆಲ್ಲ ಸರಿ ಇದ್ದರೆ ಐದರಿಂದ ಹತ್ತು ನಿಮಿಷದೊಳಗೆ 100 ಎಂ.ಎಲ್. ಮುಗಿಯುತ್ತೆ. ಎಷ್ಟು ಇಳಿಯಬೇಕೋ ಆ ಗೆರೆಗೆ ಬಾಟಲಿ ಮೇಲೆ ಟೇಪ್ ಅಂಟಿಸಿಕೊಳ್ಳಿ.

ಸೋರುವುದಕ್ಕೆ ಮುಖ್ಯ ಕಾರಣ, ಸೂಜಿ ಚರ್ಮದ ಮಡಿಕೆಯನ್ನು ದಾಟಿ ಆಚೆ ಬದಿಗೆ ಹೊರಬಂದಿರೋದು. ಹೆಗಲ ಮೂಳೆಗಳ ನಡುವೆ ಚರ್ಮವನ್ನು ಗುಡಾರದ ಹಾಗೆ ಎತ್ತಿ, ಅದರ ಬುಡದಲ್ಲಿ, ಸೂಜಿಯ ಓರೆ ಬಾಯಿ ಮೇಲಿರುವಂತೆ, ಬೆನ್ನಿಗೆ ಸಮಾನಾಂತರವಾಗಿ ಚುಚ್ಚಿ. ಚುಚ್ಚಿದ ಮೇಲೆ ಎತ್ತಿ ಹಿಡಿದ ಚರ್ಮವನ್ನು ಸಡಿಲಬಿಡಿ, ಬಿಗಿ ಹಿಡಿದಷ್ಟೂ ಹರಿವು ಕಟ್ಟುತ್ತೆ. ತೆಗೆದ ಮೇಲೆ ತೂತನ್ನು ಒಂದು ನಿಮಿಷ ಬೆರಳಲ್ಲಿ ಅದುಮಿ. ಒಂದೆರಡು ಹನಿ, ಸ್ವಲ್ಪ ರಕ್ತ ಬಂದರೆ ಗಾಬರಿ ಬೇಡ.

ಬಾಟಲಿಯನ್ನು ಮೊದಲೇ ಬಿಸಿನೀರಿನ ಪಾತ್ರೆಯಲ್ಲಿಟ್ಟು ಉಗುರುಬೆಚ್ಚಗೆ ಮಾಡಿ, ಎರಡು ಹನಿ ಮಣಿಕಟ್ಟಿಗೆ ಬಿಟ್ಟು ನೋಡಿ. ಮೈಕ್ರೋವೇವ್ ಬೇಡ. ಎದ್ದು ಓಡೋ ಅರ್ಧ ಬೆಕ್ಕುಗಳು ಇದೊಂದರಿಂದಲೇ ಸುಮ್ಮನಾಗುತ್ತವೆ. ಮುಂಗಾಲಿನ ಊತ, ನೀರು ಕೆಳಗಿಳಿದು ನಿಂತಿರೋದು. 6ರಿಂದ 12 ಗಂಟೆಯಲ್ಲಿ ಕರಗುತ್ತೆ. ಮುಂದಿನ ಸರದಿಗೂ ಗಂಟು ಹಾಗೇ ಇದ್ದರೆ ಮತ್ತೆ ಕೊಡಬೇಡಿ, ಡಾಕ್ಟರಿಗೆ ತೋರಿಸಿ. ಪ್ರತಿ ಸಲ ಹೊಸ ಸೂಜಿ. ಒಮ್ಮೆ ತೆರೆದ ಬಾಟಲಿ ವಾರಕ್ಕಿಂತ ಹೆಚ್ಚು ಇಡಬೇಡಿ. ನಿಮ್ಮ ಲೆಕ್ಕಕ್ಕೆ ಅರ್ಧ ಲೀಟರ್ ಬಾಟಲಿಯಲ್ಲಿ ನೂರಿನ್ನೂರು ಎಂ.ಎಲ್. ಉಳಿಯುತ್ತೆ, ಚೆಲ್ಲಿಬಿಡಿ.

ವೆಟ್_ಮೈಸೂರು:
ಮೇಲಿನವರು ಹೇಳಿದ್ದು ಸರಿ. ನನ್ನ ತಕರಾರು ಒಂದೇ: ಎಲ್ಲರೂ ಡ್ರಿಪ್ ಹಿಂದೆ ಬೀಳುತ್ತಾರೆ, ಬಿಪಿ ಯಾರೂ ನೋಡಲ್ಲ. ಕಿಡ್ನಿ ಕೆಟ್ಟ ಬೆಕ್ಕಿಗೆ ಮೇಲಿನ ಬಿಪಿ 160 ದಾಟಿ ನಿಂತರೆ ರೆಟಿನಾ (ಕಣ್ಣಿನ ಒಳಪದರ) ಕಳಚಿ ರಾತ್ರೋರಾತ್ರಿ ಕಣ್ಣು ಹೋಗಬಹುದು. ಅಳೆಸಿ. ಹೆಚ್ಚಿದ್ದರೆ ಸಾಮಾನ್ಯವಾಗಿ ಬಿಪಿ ಇಳಿಸುವ ಆಮ್ಲೋಡಿಪಿನ್ 0.625 ಮಿ.ಗ್ರಾಂನಿಂದ ಶುರು ಮಾಡುತ್ತೇವೆ, ಅಂದರೆ 2.5ರ ಗುಳಿಗೆಯ ಕಾಲು ಭಾಗ. ಅಳೆಯದೆ ಕೊಡುವ ಔಷಧ ಅಲ್ಲ.

ತೂಕ ಇಷ್ಟು ಇಳಿದಿರೋದಕ್ಕೆ ಟಿ4 (ಥೈರಾಯ್ಡ್ ಹಾರ್ಮೋನ್) ಕೂಡ ನೋಡಿಸಿ. ಥೈರಾಯ್ಡ್ ಹೆಚ್ಚಿರುವ ಬೆಕ್ಕಿನಲ್ಲಿ ಕ್ರಿಯಾಟಿನಿನ್ ಇರುವುದಕ್ಕಿಂತ ಕಡಿಮೆ ತೋರಿಸುತ್ತೆ. ಪೊಟ್ಯಾಸಿಯಂ ರಿಪೋರ್ಟ್‌ನಲ್ಲಿ ಇದೆಯಾ? ಕತ್ತು ಎತ್ತಲಾರದೆ ಗದ್ದ ಎದೆಗೆ ಅಂಟಿಸಿಕೊಂಡು ಕೂತರೆ ಪೊಟ್ಯಾಸಿಯಂ ಕುಸಿದಿದೆ ಅಂತ. ಆರ್‌ಎಲ್‌ನಲ್ಲಿರುವ ಲೀಟರಿಗೆ 4 ಮಿಲಿ ಈಕ್ವಿವಲೆಂಟ್ ಅದಕ್ಕೆ ಸಾಲದು.

ನೋವು, ಜ್ವರ ಅಂತ ಮನೆಯಲ್ಲಿರುವ ಪ್ಯಾರಸಿಟಮಾಲ್ ಒಂದು ಚೂರೂ ಬಾಯಿಗೆ ಹೋಗಬಾರದು. ಬೆಕ್ಕಿಗೆ ಅದು ವಿಷ.

ಒಣಮೀನು_ಬೇಡ:
ಫಾಸ್ಫರಸ್ 6.8 ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಮೂರನೇ ಹಂತದಲ್ಲಿ 5ಕ್ಕಿಂತ ಕೆಳಗೆ ತರಬೇಕು, ಇದು ಡ್ರಿಪ್ಪಿನಿಂದ ಆಗುವ ಕೆಲಸ ಅಲ್ಲ. ನಮ್ಮ ಕಡೆ ಬೆಕ್ಕಿಗೆ ಹಾಕೋದೇ ಒಣಮೀನು, ಹಾಲು, ಈಲಿ. ಮೂರರಲ್ಲೂ ಫಾಸ್ಫರಸ್ ಇದೆ, ಒಣಮೀನಲ್ಲಿ ಉಪ್ಪೂ ಸೇರಿರುತ್ತೆ. ಕಿಡ್ನಿ ಫುಡ್ ಅಂತಲೇ ಸಿಗುತ್ತೆ. ಹಳೆಯದಕ್ಕೆ ಕಾಲು ಭಾಗ ಬೆರೆಸಿ ಶುರು ಮಾಡಿ, ಮೂರ್ನಾಲ್ಕು ವಾರದಲ್ಲಿ ಪೂರ್ತಿ ಬದಲಿಸಿ. ವಾಂತಿ, ವಾಕರಿಕೆ ಇರೋ ದಿನಗಳಲ್ಲಿ ಹೊಸ ಆಹಾರ ತೋರಿಸಲೇಬೇಡಿ, ಅದರ ವಾಸನೆಗೇ ಶಾಶ್ವತವಾಗಿ ಮುಖ ತಿರುಗಿಸುತ್ತೆ. ಎಷ್ಟು ಮಾಡಿದರೂ ತಿನ್ನದಿದ್ದರೆ ಹಳೆಯದನ್ನೇ ಕೊಡಿ. ಬೆಕ್ಕು ಎರಡು ದಿನ ಉಪವಾಸ ಬಿದ್ದರೆ ಲಿವರ್‌ಗೆ ಕೊಬ್ಬು ತುಂಬುತ್ತೆ, ಅದು ಇನ್ನೂ ಕೆಟ್ಟದ್ದು.

ಆಹಾರದಿಂದ ಇಳಿಯದಿದ್ದರೆ ಫಾಸ್ಫರಸ್ ಹಿಡಿಯುವ ಪುಡಿ ಬರೆಸಿಕೊಳ್ಳಿ. ಊಟದಲ್ಲೇ ಕಲಸಬೇಕು, ಖಾಲಿ ಹೊಟ್ಟೆಗೆ ಹಾಕಿದರೆ ದಂಡ. ಅಂಗಡಿಯ ಆ್ಯಸಿಡಿಟಿ ಸಿರಪ್ ಇದಕ್ಕೆ ಬದಲಿ ಅಲ್ಲ, ಹೆಚ್ಚಿನವುಗಳಲ್ಲಿ ಮೆಗ್ನೀಸಿಯಂ ಇರುತ್ತೆ.

ಶಿರಸಿಕಡೆಯವರು:
ಸೂಜಿ ನೀಲಿಯದೇ! ನಾಳೆ ಬದಲಿಸ್ತೀನಿ. ಡ್ರಿಪ್ ಜಾಸ್ತಿ ಆಯ್ತು ಅಂತ ಮನೆಯಲ್ಲಿ ಗೊತ್ತಾಗೋದು ಹೇಗೆ?

ವೆಟ್_ಮೈಸೂರು:
ಗಾಢ ನಿದ್ದೆಯಲ್ಲಿರುವಾಗ ಪಕ್ಕೆ ಏರಿಳಿಯೋದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಏರಿ ಇಳಿದರೆ ಒಂದು. 30ರೊಳಗಿದ್ದರೆ ಸರಿ. ಅರ್ಧ ಗಂಟೆ ಬಿಟ್ಟು ಮತ್ತೆ ಎಣಿಸಿದಾಗಲೂ 30 ದಾಟಿದರೆ, ಅಥವಾ ಬಾಯಿ ತೆರೆದು ಉಸಿರಾಡಿದರೆ, ಅವತ್ತಿನ ಡ್ರಿಪ್ ನಿಲ್ಲಿಸಿ ತಕ್ಷಣ ಆಸ್ಪತ್ರೆಗೆ ಹೊರಡಿ. ಹೃದಯದಲ್ಲಿ ಮರ್ಮರ ಶಬ್ದ ಇದೆ ಅಂತ ಮುಂಚೆ ಯಾರಾದರೂ ಹೇಳಿದ್ದರೆ, 100 ಎಂ.ಎಲ್. ಮುಂದುವರಿಸುವ ಮೊದಲೇ ಡಾಕ್ಟರಿಗೆ ತಿಳಿಸಿ.